ಪುಸ್ತಕ ಕೊಡುವ ಮುನ್ನ: ಓದುಗರ ಗುರುತು ನೋಡುವ ಬಗೆ

ನಾನು ಗ್ರಂಥಾಲಯದ ಕೆಲಸಕ್ಕೆ ಸೇರಿದ ಹೊಸತು. ಸಂಜೆ ಐದೂವರೆ, ಕೌಂಟರಿನ ಮುಂದೆ ಉದ್ದನೆಯ ಸಾಲು. ಇಪ್ಪತ್ತರ ಹರೆಯದ ಹುಡುಗನೊಬ್ಬ, ಪುಸ್ತಕ ಒಯ್ಯಲು ಸದಸ್ಯರಿಗೆ ಕೊಡುವ ಎರಡು ಟಿಕೆಟ್ ಚಾಚಿ, ಎರಡು ದಪ್ಪ ಪುಸ್ತಕಗಳನ್ನು ಮುಂದಿಟ್ಟ. ಟಿಕೆಟಿನ ಮೇಲಿದ್ದ ಹೆಸರನ್ನು ಗಟ್ಟಿಯಾಗಿ ಓದಿ, "ನೀವೇ ತಾನೇ?" ಎಂದೆ. ತಲೆಯಾಡಿಸಿದ. ದಿನಾಂಕದ ಮುದ್ರೆ ಒತ್ತಿ ಕೊಟ್ಟುಬಿಟ್ಟೆ. ಒಂದೂವರೆ ತಿಂಗಳ ಮೇಲೆ ಆ ಹೆಸರಿನ ನಿಜವಾದ ಸದಸ್ಯರು ಬಂದರು. ಅರವತ್ತು ದಾಟಿದ ನಿವೃತ್ತ ಮೇಷ್ಟ್ರು. ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಮನೆಯಲ್ಲೇ ಇದ್ದರಂತೆ. ಟಿಕೆಟ್ ಅದಕ್ಕೂ ಮೊದಲೇ ಬಸ್ಸಿನಲ್ಲಿ ಎಲ್ಲೋ ಬಿದ್ದುಹೋಗಿತ್ತಂತೆ. ಕೈಯಲ್ಲಿ ನಾವು ಕಳಿಸಿದ್ದ ತಗಾದೆ ಪತ್ರ. "ನಾನು ಮುಟ್ಟದ ಪುಸ್ತಕಕ್ಕೆ ದಂಡ ಕಟ್ಟಬೇಕೇ?" ಎಂದು ಮೆಲ್ಲಗೆ ಕೇಳಿದರು. ಆ ಧ್ವನಿಯಲ್ಲಿ ಸಿಟ್ಟಿಗಿಂತ ಅವಮಾನ ಹೆಚ್ಚಾಗಿತ್ತು. ದಂಡ ಮನ್ನಾ ಆಯಿತು, ಪುಸ್ತಕಗಳು ಬರಲಿಲ್ಲ, ಮೇಷ್ಟ್ರು ಕೂಡ ಮತ್ತೆ ಹೆಚ್ಚು ದಿನ ಬರಲಿಲ್ಲ.

ಗುರುತು ನೋಡುವುದು ಪುಸ್ತಕ ಕಾಯುವುದಕ್ಕೆ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಅದು ಮೊದಲು ಓದುಗರ ಹೆಸರನ್ನು ಕಾಯುವುದಕ್ಕೆ. ಹಾಗೆ ನೋಡಿದರೆ ಎಷ್ಟು ಕೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೂ ತಾನಾಗಿ ತಿಳಿಯುತ್ತದೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಶಾಲೆಯ ಗ್ರಂಥಾಲಯ, ಬಡಾವಣೆಯ ಸಂಘದವರು ನಡೆಸುವ ವಾಚನಾಲಯ, ಹೀಗೆ ಒಬ್ಬರೋ ಇಬ್ಬರೋ ಕೂತು ನಡೆಸುವ ಚಿಕ್ಕ ಗ್ರಂಥಾಲಯಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಇಲಾಖೆಯ ಅಥವಾ ಸಂಸ್ಥೆಯ ನಿಯಮ ಬೇರೆ ಇದ್ದರೆ ಅದೇ ಮೇಲು.

ಮೊದಲ ಹೆಜ್ಜೆ: ಸದಸ್ಯತ್ವದ ದಿನ ಎರಡು ಪ್ರಶ್ನೆ

ಪರಿಶೀಲನೆಯ ಮುಕ್ಕಾಲು ಪಾಲು ಕೆಲಸ ಸದಸ್ಯರಾಗುವ ದಿನವೇ ಮುಗಿಯಬೇಕು. ಅಂದು ಹತ್ತು ನಿಮಿಷ ಕೊಟ್ಟರೆ ಮುಂದೆ ಪ್ರತಿ ಸಲ ಹತ್ತು ಸೆಕೆಂಡ್ ಸಾಕು. ಅಂದು ನಿಮಗೆ ಬೇಕಾಗಿರುವುದು ಎರಡೇ ಉತ್ತರ: ಇವರು ಯಾರು? ಪುಸ್ತಕ ಬಾರದಿದ್ದರೆ ಎಲ್ಲಿ ಸಿಗುತ್ತಾರೆ? ಇವೆರಡನ್ನೂ ಒಂದೇ ದಾಖಲೆಯಿಂದ ತೀರಿಸಲು ಹೋಗಿಯೇ ನಾವು ಎಡವುವುದು. ಕಾಲೇಜಿನ ಗುರುತಿನ ಚೀಟಿ ಮುಖ ತೋರಿಸುತ್ತದೆ, ಮನೆ ತೋರಿಸುವುದಿಲ್ಲ. ವಿದ್ಯುತ್ ಬಿಲ್ ಮನೆ ತೋರಿಸುತ್ತದೆ, ಆದರೆ ಅದರಲ್ಲಿರುವುದು ಮಾಲೀಕರ ಹೆಸರು. ಆಧಾರ್‌ನಲ್ಲಿ ಎರಡೂ ಇವೆ, ಆದರೆ ಆ ವಿಳಾಸ ಹತ್ತು ವರ್ಷದ ಹಿಂದೆ ಬಿಟ್ಟುಬಂದ ಊರಿನದಾಗಿರಬಹುದು.

ಆದ್ದರಿಂದ ಫೋಟೊ ಇರುವ ಒಂದು ದಾಖಲೆ, ಈಗಿನ ವಿಳಾಸಕ್ಕೆ ಇನ್ನೊಂದು ಆಧಾರ ಎಂದು ಬೇರೆ ಬೇರೆಯಾಗಿ ಕೇಳಿ. ಮತದಾರರ ಚೀಟಿ, ಚಾಲನಾ ಪರವಾನಗಿ, ಪಾಸ್‌ಪೋರ್ಟ್, ಬ್ಯಾಂಕ್ ಪಾಸ್‌ಬುಕ್, ಕೆಲಸದ ಸ್ಥಳದ ಗುರುತಿನ ಚೀಟಿ, ವಿದ್ಯಾರ್ಥಿ ಬಸ್ ಪಾಸ್, ಇವುಗಳಲ್ಲಿ ಯಾವುದಾದರೂ ನಡೆಯಲಿ. "ಆಧಾರ್ ಇಲ್ಲದಿದ್ದರೆ ಸದಸ್ಯತ್ವ ಇಲ್ಲ" ಎಂಬ ಫಲಕ ಮಾತ್ರ ಬೇಡ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆಧಾರ್ ಎಲ್ಲೆಲ್ಲಿ ಕಡ್ಡಾಯವಾಗಬಹುದು ಎಂಬುದಕ್ಕೆ 2018ರ ಸೆಪ್ಟೆಂಬರ್ 26ರ ತೀರ್ಪು ಗಡಿ ಹಾಕಿತು. ಕಾನೂನಿನ ಮಾತು ಹಾಗಿರಲಿ, ಎರಡು ಕಾದಂಬರಿ ಕೊಡುವುದಕ್ಕೆ ಒಬ್ಬರ ಹನ್ನೆರಡು ಅಂಕಿಯ ಸಂಖ್ಯೆ ನಮಗೇಕೆ? ಓದುಗರೇ ಆಧಾರ್ ತಂದರೆ, ಮೊದಲ ಎಂಟು ಅಂಕಿ ಮರೆಮಾಡಿ ಕೊನೆಯ ನಾಲ್ಕು ಮಾತ್ರ ಕಾಣುವ ಪ್ರತಿ ಸಾಕೆಂದು ತಿಳಿಸಿ. ಅಂಥ ಪ್ರತಿಯನ್ನು ಆಧಾರ್ ನೀಡುವ ಪ್ರಾಧಿಕಾರವಾದ ಯುಐಡಿಎಐ ಜಾಲತಾಣದಿಂದ ಇಳಿಸಿಕೊಳ್ಳಬಹುದು.

ದಾಖಲೆಯನ್ನು ಕೈಗೆ ತೆಗೆದುಕೊಂಡು ನೋಡಿ. ಮೊದಲು ಫೋಟೊ, ಆಮೇಲೆ ಎದುರಿಗಿರುವ ಮುಖ, ಮತ್ತೆ ಫೋಟೊ. ಕೂದಲು, ಮೀಸೆ, ಕನ್ನಡಕ, ಮೈತೂಕ ಎಲ್ಲ ಬದಲಾಗುತ್ತವೆ. ಕಿವಿಯ ಆಕಾರ, ಎರಡು ಕಣ್ಣುಗಳ ನಡುವಿನ ಅಂತರ, ಮೂಗಿನ ಬುಡ ಹೆಚ್ಚು ಬದಲಾಗುವುದಿಲ್ಲ. ಅಂಚು ಎದ್ದ ಲ್ಯಾಮಿನೇಷನ್, ಒಂದೇ ಸಾಲಿನಲ್ಲಿ ಎರಡು ಬಗೆಯ ಅಕ್ಷರ, ಫೋಟೊದ ಮೇಲೆ ಅರ್ಧ ಬೀಳಬೇಕಾದ ಮುದ್ರೆ ಫೋಟೊದ ಅಂಚಿಗೇ ನಿಂತಿರುವುದು, ಇಂಥದ್ದು ಕಂಡರೆ ಇನ್ನೊಂದು ದಾಖಲೆ ಕೇಳಿ. "ಇದು ನಕಲಿ" ಎನ್ನಬೇಡಿ. ಪತ್ತೆದಾರಿಕೆ ನಮ್ಮ ಕೆಲಸವಲ್ಲ. "ಇದರಲ್ಲಿ ಸರಿಯಾಗಿ ಕಾಣುತ್ತಿಲ್ಲ, ಬೇರೆ ಏನಾದರೂ ಇದೆಯೇ?" ಎಂದರೆ ಸಾಕು.

ಹೆಸರು ಹೊಂದದಿದ್ದಾಗ

ನಮ್ಮ ನಾಡಿನಲ್ಲಿ ಕೌಂಟರಿನ ದೊಡ್ಡ ತಲೆನೋವು ನಕಲಿ ದಾಖಲೆಯಲ್ಲ, ಹೆಸರು. ಒಬ್ಬನೇ ಮನುಷ್ಯ ಅಂಕಪಟ್ಟಿಯಲ್ಲಿ ಎಂ. ಕೆ. ಮಂಜುನಾಥ, ಆಧಾರ್‌ನಲ್ಲಿ ಮಂಜುನಾಥ ಕೃಷ್ಣಪ್ಪ, ಮತದಾರರ ಪಟ್ಟಿಯಲ್ಲಿ ಮಂಜುನಾಥ್ ಬಿನ್ ಕೃಷ್ಣಪ್ಪ, ಊರಿನಲ್ಲಿ ಅಂಗಡಿ ಮಂಜಣ್ಣ. ಬೆಳಗಾವಿ, ಧಾರವಾಡದ ಕಡೆಯವರಾದರೆ ಅಡ್ಡಹೆಸರು ಒಂದು ದಾಖಲೆಯಲ್ಲಿ ಮೊದಲು, ಇನ್ನೊಂದರಲ್ಲಿ ಕೊನೆಗೆ. ಮದುವೆಯಾದ ಹೆಣ್ಣುಮಗಳ ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿನ ಮೊದಲಕ್ಷರ, ಪಡಿತರ ಚೀಟಿಯಲ್ಲಿ ಗಂಡನ ಹೆಸರಿನ ಜೊತೆಗೆ "ಕೋಂ". ಇನ್ನು ಲಕ್ಷ್ಮಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದೋ ಅಷ್ಟೂ ಬಗೆಯನ್ನು ನಾನು ನೋಡಿದ್ದೇನೆ.

ಇವರನ್ನು "ಹೆಸರು ತಿದ್ದಿಸಿಕೊಂಡು ಬನ್ನಿ" ಎಂದು ವಾಪಸು ಕಳಿಸಬೇಡಿ. ಹಾಗೆ ಹೋದವರು ತಿದ್ದಿಸಿಕೊಂಡು ಬರುವುದಿಲ್ಲ, ಓದುವುದನ್ನು ಬಿಡುತ್ತಾರೆ. ಹೆಸರಿನ ಮೂಲರೂಪ, ತಂದೆ ಅಥವಾ ತಾಯಿ ಅಥವಾ ಗಂಡನ ಹೆಸರು, ಮುಖ ಈ ಮೂರೂ ಹೊಂದಿದರೆ ಉಳಿದದ್ದನ್ನು ಬಿಡಬಹುದು. ಕನ್ನಡದಲ್ಲಿ ಅವರು ತಮ್ಮ ಹೆಸರನ್ನು ಹೇಗೆ ಬರೆಯುತ್ತಾರೋ ಹಾಗೆ ಅವರ ಕೈಯಲ್ಲೇ ಅರ್ಜಿಯಲ್ಲಿ ಬರೆಸಿಕೊಳ್ಳಿ. ಪಕ್ಕದಲ್ಲಿ ದಾಖಲೆಯಲ್ಲಿರುವ ರೂಪವನ್ನೂ ಗುರುತು ಹಾಕಿ. ಮುಂದೆ ಬೇರೆ ಸಿಬ್ಬಂದಿ ಬಂದಾಗ ಆ ಒಂದು ಸಾಲು ಎಷ್ಟೋ ಜಗಳ ತಪ್ಪಿಸುತ್ತದೆ. ಬರೆಯಲು ಬಾರದವರ ಹೆಸರನ್ನು ನೀವೇ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಳ್ಳಿ. ಅವರು ಮೊಮ್ಮಗಳಿಂದ ಓದಿಸಿಕೊಂಡು ಕೇಳುವ ಓದುಗರು.

ಜನ್ಮದಿನಾಂಕದ ಮೇಲೆ ಹೆಚ್ಚು ಭಾರ ಹಾಕಬೇಡಿ. ಹಳ್ಳಿಯ ಹಿರಿಯರಲ್ಲಿ ಎಷ್ಟೋ ಮಂದಿಯ ಜನ್ಮದಿನ ಶಾಲೆಗೆ ಸೇರಿಸಿದ ಮೇಷ್ಟ್ರು ಬರೆದುಕೊಂಡ ಜೂನ್ 1. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರ ಜನ್ಮದಿನವೇ 1892ರ ಆಗಸ್ಟ್ 9 ಎಂದೂ 12 ಎಂದೂ ಎರಡು ಬಗೆಯಲ್ಲಿ ದಾಖಲಾಗಿದೆ. ನಾವು ಗ್ರಂಥಪಾಲಕರ ದಿನ ಆಚರಿಸುವುದು 12ರಂದು. ದಿನಾಂಕ ಹೊಂದದಿದ್ದರೆ ಅವರು ಸದಸ್ಯರಾಗಬಾರದು ಎನ್ನಲು ನಾನಂತೂ ತಯಾರಿಲ್ಲ.

ಒಂದೇ ಹೆಸರಿನವರು ಇಬ್ಬರು, ಮೂವರು ಇರುವುದೂ ಸಾಮಾನ್ಯ. ಅಲ್ಲಿ ಸದಸ್ಯತ್ವ ಸಂಖ್ಯೆಯೇ ಗತಿ. ಆದರೂ ಕೌಂಟರಿನಲ್ಲಿ ಕೂತವರಿಗೆ ಸಂಖ್ಯೆ ನೆನಪಿರುವುದಿಲ್ಲ, ಮನೆ ನೆನಪಿರುತ್ತದೆ. ನೋಂದಣಿ ಪುಸ್ತಕದಲ್ಲಿ "ಆಂಜನೇಯ ಗುಡಿಯ ಹಿಂದೆ", "ಹಾಲಿನ ಡೇರಿ ಎದುರು" ಎಂದು ಒಂದು ಗುರುತು ಬರೆದುಕೊಳ್ಳಿ. ಜಾತಿಯನ್ನಾಗಲಿ, ಮೈಮೇಲಿನ ಊನವನ್ನಾಗಲಿ ಗುರುತಾಗಿ ಬರೆಯಬೇಡಿ. ಆ ಪುಸ್ತಕವನ್ನು ನಾಳೆ ಅವರೇ ನೋಡಬಹುದು.

ಎರಡನೆಯ ಹೆಜ್ಜೆ: ವಿಳಾಸ

ಬಾಡಿಗೆ ಮನೆಯವರು, ಹಾಸ್ಟೆಲಿನ ವಿದ್ಯಾರ್ಥಿಗಳು, ಕಟ್ಟಡದ ಕೆಲಸಕ್ಕೆ ಬಂದು ಶೆಡ್ಡಿನಲ್ಲಿರುವವರು ವಿಳಾಸದ ದಾಖಲೆ ತರಲಾರರು. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಮಾಲೀಕ ಕಟ್ಟುವ ಆ ಕರ ಬಾಡಿಗೆಯ ಹಣದಿಂದಲೇ ಬಂದದ್ದು. ಬಾಡಿಗೆದಾರರಿಗೆ ಪುಸ್ತಕ ಕೊಡಲು ಹಿಂದೆಮುಂದೆ ನೋಡುವ ಸಹೋದ್ಯೋಗಿಗಳಿಗೆ ನಾನು ಹೇಳುವುದು ಇಷ್ಟನ್ನೇ.

ದಾಖಲೆ ಇಲ್ಲದಿದ್ದಲ್ಲಿ ಮೂರು ದಾರಿಗಳಿವೆ. ಮನೆ ಮಾಲೀಕರ, ಹಾಸ್ಟೆಲ್ ವಾರ್ಡನ್ನರ ಅಥವಾ ಕೆಲಸ ಕೊಟ್ಟವರ ಒಂದು ಸಾಲಿನ ಪತ್ರ; ಈಗಾಗಲೇ ಸದಸ್ಯರಾಗಿರುವ ಒಬ್ಬರ ಶಿಫಾರಸು; ನನಗೆ ಬಹಳ ಇಷ್ಟವಾದ ಮೂರನೆಯದು ಅಂಚೆ ಕಾರ್ಡ್. ಓದುಗರು ಹೇಳಿದ ವಿಳಾಸಕ್ಕೆ 50 ಪೈಸೆಯ ಕಾರ್ಡಿನಲ್ಲಿ "ಈ ಕಾರ್ಡ್ ತಂದು ನಿಮ್ಮ ಟಿಕೆಟ್ ಪಡೆದುಕೊಳ್ಳಿ" ಎಂದು ಬರೆದು ಹಾಕಿ. ಅಂಚೆ ಮುದ್ರೆ ಬಿದ್ದ ಕಾರ್ಡ್ ಹಿಡಿದು ಅವರು ಬಂದರೆ ಆ ವಿಳಾಸಕ್ಕೆ ಹೋದದ್ದು ಅವರಿಗೆ ಮುಟ್ಟುತ್ತದೆ ಎಂದಾಯಿತು. ಕಲ್ಲು ಕ್ವಾರಿಯ ಬಳಿಯ ಶೆಡ್ಡಿನಲ್ಲಿದ್ದ ತಾಯಿಯೊಬ್ಬರು ಸೆರಗಿನ ತುದಿಯಲ್ಲಿ ಮಡಚಿ ಇಟ್ಟುಕೊಂಡು ಬಂದ ಕಾರ್ಡನ್ನು ನಾನು ಬಿಡಿಸಿ ನೋಡಿದ್ದೇನೆ. ತಮ್ಮ ಹೆಸರಿಗೆ ಅಂಚೆಯಲ್ಲಿ ಬಂದ ಮೊದಲ ಕಾಗದ ಅದು ಎಂದರು. ಅದನ್ನು ಅವರಿಗೇ ವಾಪಸು ಕೊಟ್ಟೆ.

ಯಾವುದೂ ಆಗದಿದ್ದರೆ ಮೊದಲ ತಿಂಗಳು ಒಂದೇ ಪುಸ್ತಕ ಕೊಡಿ. ಅದು ಬಂದ ಮೇಲೆ ಎರಡು. ಸರಿಯಾದ ದಿನಕ್ಕೆ ನಾಲ್ಕು ಸಲ ಪುಸ್ತಕ ತಂದುಕೊಟ್ಟವರಿಗೆ ಅದೇ ದೊಡ್ಡ ಗುರುತು.

ಬರೆದಿಟ್ಟುಕೊಳ್ಳುವುದು ಎಷ್ಟು?

ದಾಖಲೆ ನೋಡಿ, ಹಿಂದಿರುಗಿಸಿ. ಜೆರಾಕ್ಸ್ ತೆಗೆದು ಫೈಲಿಗೆ ಸೇರಿಸುವ ಅಭ್ಯಾಸ ಬಿಡುವುದು ಕಷ್ಟ ಎಂದು ನನಗೆ ಗೊತ್ತು, ನಾನೂ ವರ್ಷಗಟ್ಟಲೆ ಹಾಗೆ ಮಾಡಿದವನು. ಆದರೆ ಬೀಗವಿಲ್ಲದ ಕಪಾಟಿನಲ್ಲಿ ಮುನ್ನೂರು ಜನರ ಆಧಾರ್ ಪ್ರತಿ ಇಡುವುದೆಂದರೆ ಊರಿನ ಮನೆಗಳ ಕೀಲಿಕೈಗಳನ್ನು ಮೊಳೆಗೆ ನೇತುಹಾಕಿದಂತೆ. ಅರ್ಜಿಯಲ್ಲಿ "ಮತದಾರರ ಚೀಟಿ ನೋಡಲಾಗಿದೆ", ದಿನಾಂಕ, ನಿಮ್ಮ ಸಹಿ ಇಷ್ಟಿದ್ದರೆ ಪರಿಶೀಲನೆ ನಡೆದದ್ದಕ್ಕೆ ಪುರಾವೆ ಸಿಕ್ಕಿತು. ಹೆಸರು, ವಿಳಾಸ, ಫೋನ್ ಸಂಖ್ಯೆ, ಒಂದು ಫೋಟೊ, ಮಾದರಿ ಸಹಿ. ಇದಕ್ಕಿಂತ ಹೆಚ್ಚು ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಇದೇ: ಯಾವ ಕೆಲಸಕ್ಕೆಂದು ಮಾಹಿತಿ ಪಡೆದೆವೋ ಆ ಕೆಲಸಕ್ಕಷ್ಟೇ ಬಳಸಬೇಕು. ಹೊಸ ಸದಸ್ಯರ ದಾಖಲೆಯನ್ನು ಮೊಬೈಲಿನಲ್ಲಿ ಫೋಟೊ ಹೊಡೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದನ್ನಂತೂ ಇಂದೇ ನಿಲ್ಲಿಸಿ.

ಮಕ್ಕಳು ಬಂದರೆ

ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ "ಓದುವ ಬೆಳಕು" ಕಾರ್ಯಕ್ರಮದಡಿ ಉಚಿತ ಸದಸ್ಯತ್ವ ಬಂದ ಮೇಲೆ ಕೌಂಟರಿನ ಎತ್ತರ ಮೀರದ ತಲೆಗಳೇ ಹೆಚ್ಚು. ಮಗುವಿನಿಂದ ದಾಖಲೆ ಕೇಳಬೇಡಿ. ತಂದೆ, ತಾಯಿ ಅಥವಾ ಪೋಷಕರ ಗುರುತು ನೋಡಿ, ಅವರ ಒಪ್ಪಿಗೆಯ ಸಹಿ ಪಡೆಯಿರಿ. ಮಗುವಿನ ಗುರುತಿಗೆ ಶಾಲೆಯ ಚೀಟಿಯೋ ಮುಖ್ಯ ಶಿಕ್ಷಕರು ಸಹಿ ಮಾಡಿದ ಪಟ್ಟಿಯೋ ಸಾಕು. ಮೇಲೆ ಹೇಳಿದ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಆದ್ದರಿಂದ ಕಂಪ್ಯೂಟರಿನಲ್ಲಿ ವಿವರ ತುಂಬುವ ಗ್ರಂಥಾಲಯದವರು ಪೋಷಕರ ಒಪ್ಪಿಗೆಯನ್ನು ಹಗುರವಾಗಿ ಕಾಣುವಂತಿಲ್ಲ. ಅಜ್ಜಿಯ ಮನೆಯಲ್ಲಿ ಬೆಳೆಯುವ ಮಕ್ಕಳಿರುತ್ತಾರೆ. "ಅಪ್ಪನನ್ನು ಕರೆದುಕೊಂಡು ಬಾ" ಎಂದು ಎಲ್ಲರೆದುರು ಹೇಳಬೇಡಿ; "ಮನೆಯಲ್ಲಿ ನಿನ್ನನ್ನು ನೋಡಿಕೊಳ್ಳುವವರು ಯಾರಮ್ಮ, ಅವರನ್ನು ಒಂದು ದಿನ ಕರೆದುಕೊಂಡು ಬರುತ್ತೀಯಾ?" ಎನ್ನಿ.

ಮೂರನೆಯ ಹೆಜ್ಜೆ: ಪ್ರತಿ ಸಲ ಕೌಂಟರಿನಲ್ಲಿ

ಇನ್ನೂ ಎಷ್ಟೋ ಕಡೆ ಟಿಕೆಟ್ ಪದ್ಧತಿಯೇ ಇದೆ. ಅಮೆರಿಕದ ಗ್ರಂಥಪಾಲಕಿ ನೀನಾ ಬ್ರೌನ್ ಅವರ ಹೆಸರಿನ ಈ ಪದ್ಧತಿಯಲ್ಲಿ ಓದುಗರ ಟಿಕೆಟ್ ಒಂದು ಪುಟ್ಟ ಜೇಬು. ಪುಸ್ತಕ ಹೊರಗೆ ಹೋಗುವಾಗ ಅದರ ಕಾರ್ಡನ್ನು ಈ ಜೇಬಿಗೆ ಸೇರಿಸಿ, ಹಿಂತಿರುಗಿಸಬೇಕಾದ ದಿನಾಂಕದ ಚೀಟಿಯ ಹಿಂದೆ ಟ್ರೇಯಲ್ಲಿ ನಿಲ್ಲಿಸುತ್ತೇವೆ. ಪುಸ್ತಕ ಬಂದಾಗ ಕಾರ್ಡ್ ಪುಸ್ತಕಕ್ಕೆ, ಟಿಕೆಟ್ ಓದುಗರಿಗೆ. ಎಲ್ಲರ ಎಚ್ಚರವೂ ಪುಸ್ತಕ ಕೊಡುವಾಗ ಇರುತ್ತದೆ. ಅಪಾಯ ಇರುವುದು ಹಿಂದಕ್ಕೆ ಪಡೆಯುವಾಗ. ಪಕ್ಕದ ಮನೆಯ ಹುಡುಗ ಪುಸ್ತಕ ತಂದು ಕೊಡುತ್ತಾನೆ, ನಾವು ಟಿಕೆಟನ್ನು ಅವನ ಕೈಗೆ ಕೊಡುತ್ತೇವೆ. ಆ ಕ್ಷಣದಿಂದ ಅವನು ಆ ಹೆಸರಿನಲ್ಲಿ ಯಾವ ಪುಸ್ತಕವನ್ನಾದರೂ ಒಯ್ಯಬಹುದು. ಪುಸ್ತಕ ಯಾರು ತಂದರೂ ಪಡೆಯಿರಿ, ಟಿಕೆಟನ್ನು ಸದಸ್ಯರಿಗೆ ಮಾತ್ರ ಕೊಡಿ. ಬೇರೆಯವರು ತಂದರೆ ಒಂದು ರಸೀದಿ ಬರೆದುಕೊಟ್ಟು, ಟಿಕೆಟನ್ನು ಸದಸ್ಯತ್ವ ಸಂಖ್ಯೆಯ ಕ್ರಮದಲ್ಲಿ ಬೇರೆ ಡಬ್ಬಿಯಲ್ಲಿ ಇಟ್ಟಿರಿ.

ಗುರುತು ಕೇಳುವಾಗ ಉತ್ತರವನ್ನು ನೀವೇ ಹೇಳಬೇಡಿ. ನನ್ನ ಮೊದಲ ತಪ್ಪು ಅದೇ. "ಮಂಜುನಾಥ ಅಲ್ಲವೇ?" ಎಂದರೆ ಯಾರಾದರೂ ಹೌದೆನ್ನುತ್ತಾರೆ. ಟಿಕೆಟನ್ನು ನಿಮ್ಮ ಕಡೆ ತಿರುಗಿಸಿ ಹಿಡಿದು "ನಿಮ್ಮ ಹೆಸರು ಹೇಳಿ" ಎನ್ನಿ. ಅನುಮಾನವಿದ್ದರೆ ಬಡಾವಣೆ ಯಾವುದು ಎಂದು ಕೇಳಿ, ಅದಕ್ಕೂ ಸಮಾಧಾನವಾಗದಿದ್ದರೆ ಸಹಿ ಹಾಕಿಸಿ ಮಾದರಿಯೊಂದಿಗೆ ಹೋಲಿಸಿ.

ಫೋನ್ ಸಂಖ್ಯೆಯನ್ನು ಬಾಯಿಬಿಟ್ಟು ಕೇಳಬೇಡಿ. ಸಾಲಿನಲ್ಲಿ ನಿಂತ ಯುವತಿ ತನ್ನ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಹೇಳುತ್ತಿದ್ದರೆ ಹಿಂದೆ ನಿಂತವನ ಬೆರಳು ಮೊಬೈಲಿನ ಮೇಲೆ ಓಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂದಿನಿಂದ ನಮ್ಮ ಕೌಂಟರಿನಲ್ಲಿ ಚಿಕ್ಕ ಚೀಟಿಗಳ ಕಟ್ಟು, ಪೆನ್ಸಿಲ್ ಇಟ್ಟೆವು. ಬರೆದು ತೋರಿಸುತ್ತಾರೆ, ನೋಡಿ ಹರಿದು ಹಾಕುತ್ತೇವೆ.

ಕೊಹಾ, ಇ-ಗ್ರಂಥಾಲಯದಂಥ ತಂತ್ರಾಂಶ ಇರುವಲ್ಲಿ ಬಾರ್‌ಕೋಡ್ ಓದಿದ ಕೂಡಲೇ ಸದಸ್ಯರ ವಿವರ ತೆರೆಯುತ್ತದೆ. ಕೊಹಾದಲ್ಲಿ ಫೋಟೊವನ್ನೂ ಸೇರಿಸಬಹುದು, ಸೇರಿಸಿ. ಯಂತ್ರ "ಬೀಪ್" ಎಂದದ್ದು ಕಾರ್ಡಿಗೆ, ಮನುಷ್ಯನಿಗಲ್ಲ. ಈಚೆಗೆ ಕಾರ್ಡಿನ ಫೋಟೊ ತೆಗೆದು ಮೊಬೈಲಿನಲ್ಲಿ ತೋರಿಸುವವರು ಹೆಚ್ಚಾಗಿದ್ದಾರೆ. ಮರೆತು ಬಂದವರಿಗೆ ಅದು ಅನುಕೂಲ, ಆದರೆ ಅದೇ ಚಿತ್ರ ಗೆಳೆಯರ ಹತ್ತು ಮೊಬೈಲಿನಲ್ಲೂ ಇರಬಹುದು. ಹಾಗಾಗಿ ಅಂಥ ಕಡೆ ಕಂಪ್ಯೂಟರ್ ಪರದೆಯ ಮೇಲಿನ ಮುಖವನ್ನು ನೋಡದೆ ಪುಸ್ತಕ ದಾಟಿಸಬೇಡಿ. ಒಟಿಪಿ ಕಳಿಸಿ ಖಚಿತಪಡಿಸಿಕೊಳ್ಳುವ ಗ್ರಂಥಾಲಯಗಳೂ ಇವೆ. ಮನೆಗೆಲ್ಲ ಒಂದೇ ಫೋನ್ ಇರುವಲ್ಲಿ, ಆ ಫೋನ್ ಗಂಡನ ಜೇಬಿನಲ್ಲಿರುವಲ್ಲಿ ಅದು ಹೆಂಡತಿಯ ಓದಿಗೆ ಬೀಗ ಹಾಕುತ್ತದೆ ಎಂಬುದು ನೆನಪಿರಲಿ.

ಬೇರೆಯವರ ಪರವಾಗಿ ಬಂದವರು

ಹಾಸಿಗೆ ಹಿಡಿದ ತಾಯಿಗೆ ಮಗಳು, ಕಣ್ಣು ಮಂಜಾದ ತಾತನಿಗೆ ಮೊಮ್ಮಗ ಪುಸ್ತಕ ಒಯ್ಯುತ್ತಾರೆ. ಟಿಕೆಟ್ ವರ್ಗಾಯಿಸುವಂತಿಲ್ಲ ಎಂಬ ನಿಯಮ ಹಿಡಿದು ಇವರನ್ನು ತಿರುಗಿಸಿದರೆ ಪುಸ್ತಕ ಯಾರಿಗೆ ಹೆಚ್ಚು ಬೇಕೋ ಅವರಿಗೇ ಸಿಗದಂತಾಗುತ್ತದೆ. ಸದಸ್ಯರಿಂದ ಒಂದು ಪತ್ರ ಪಡೆಯಿರಿ: "ನನ್ನ ಪರವಾಗಿ ಇಂಥವರು ಪುಸ್ತಕ ಪಡೆಯುತ್ತಾರೆ, ಹೊಣೆ ನನ್ನದು." ಬರುವವರ ಗುರುತು ಒಂದು ಸಲ ನೋಡಿ, ಹೆಸರನ್ನು ಸದಸ್ಯರ ದಾಖಲೆಯಲ್ಲಿ ಸೇರಿಸಿ. ವರ್ಷಕ್ಕೊಮ್ಮೆ ಆ ಪತ್ರ ಹೊಸದಾಗಲಿ.

ಕಾರ್ಡ್ ಕಳೆದಿದೆ ಎಂದು ಯಾರಾದರೂ ಹೇಳಿದರೆ, ಹೇಳಿದ ನಿಮಿಷವೇ ದಾಖಲೆಯಲ್ಲಿ ಗುರುತು ಹಾಕಿ, ಆಮೇಲೆ ಅರ್ಜಿ ಬರೆಸಿ. ಫೋನಿನಲ್ಲಿ ಹೇಳಿದರೂ ತಡೆ ಹಾಕಿ. ತಡೆ ಹಾಕುವುದಕ್ಕೆ ಪುರಾವೆ ಬೇಡ, ತೆಗೆಯುವುದಕ್ಕೆ ಬೇಕು. ಹೊಸ ಕಾರ್ಡನ್ನು ಮುಖ ನೋಡಿಯೇ ಕೊಡಿ. ಟಿಕೆಟ್ ಪದ್ಧತಿಯಲ್ಲಿ ಕಳೆದ ಟಿಕೆಟಿನ ಸಂಖ್ಯೆಗಳನ್ನು ಕೌಂಟರಿನ ಒಳಬದಿಗೆ, ಓದುಗರಿಗೆ ಕಾಣದಂತೆ, ಅಂಟಿಸಿಡಬೇಕು. ಆ ಪಟ್ಟಿ ನನ್ನ ಮುಂದೆ ಇದ್ದಿದ್ದರೆ, ಮೇಷ್ಟ್ರು ಟಿಕೆಟ್ ಕಳೆದುಹೋದ ದಿನವೇ ತಿಳಿಸಿದ್ದರೆ, ಆ ಸಂಜೆ ಬೇರೆಯಾಗುತ್ತಿತ್ತು.

ಎಲ್ಲ ಸಾಮಗ್ರಿಗೂ ಒಂದೇ ಬಿಗಿ ಬೇಕಿಲ್ಲ. ಹಳೆಯ ವಾರಪತ್ರಿಕೆಗೆ ಹೆಸರು ಕೇಳಿದರೆ ಸಾಕು. ಮರುಮುದ್ರಣ ಕಾಣದ ಸ್ಥಳೀಯ ಇತಿಹಾಸದ ಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆಯ ದುಬಾರಿ ಸಂಪುಟ, ಟ್ಯಾಬ್ಲೆಟ್ ಇವುಗಳಿಗೆ ಮುಖ, ಸಹಿ ಎರಡೂ. ಓಲೆಗರಿ, ಹಸ್ತಪ್ರತಿಗಳನ್ನು ಮನೆಗೆ ಕೊಡುವ ಮಾತೇ ಇಲ್ಲ.

ಯಾರಿಗೆ ಏನು ಹೇಳಬಾರದು

ಗುರುತು ಪರಿಶೀಲಿಸುವುದು ಎರಡು ಕಡೆಯ ವ್ಯವಹಾರ. ಪುಸ್ತಕ ಕೇಳುವವರ ಗುರುತು ನೋಡಿದಂತೆ, ಓದುಗರ ವಿಷಯ ಕೇಳುವವರ ಗುರುತನ್ನೂ ನೋಡಬೇಕು. "ನಮ್ಮ ಮನೆಯವಳು ಏನು ತೆಗೆದುಕೊಂಡು ಹೋಗಿದ್ದಾಳೆ?" ಎಂದು ಗಂಡ ಕೇಳುತ್ತಾನೆ. "ನನ್ನ ಮಗಳು ನಿನ್ನೆ ಬಂದಿದ್ದಳೇ, ಯಾರ ಜೊತೆ ಇದ್ದಳು?" ಎಂದು ತಂದೆ ಕೇಳುತ್ತಾರೆ. ಒಮ್ಮೆ ಹೆಣ್ಣುಮಗಳೊಬ್ಬರು ಕಾನೂನಿನ ಪುಸ್ತಕ ಒಯ್ದಿದ್ದರು, ವಿಚ್ಛೇದನದ ಬಗ್ಗೆ. ಮಾರನೆಯ ದಿನ ಅವರ ಗಂಡ ಬಂದು ಕೌಂಟರಿನ ಮೇಲೆ ಎರಡೂ ಕೈ ಊರಿ ನಿಂತರು. "ಸದಸ್ಯರ ವಿವರ ಸದಸ್ಯರಿಗಷ್ಟೇ ಹೇಳುತ್ತೇವೆ, ಸರ್" ಎಂದೆ. ಇನ್ನೊಮ್ಮೆ ಕೇಳಿದರು, ಇನ್ನೊಮ್ಮೆ ಅದನ್ನೇ ಹೇಳಿದೆ. ಈ ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳಿ, ಸಿಬ್ಬಂದಿಗೂ ಕಲಿಸಿ. ಪೊಲೀಸರು ಬಂದರೆ ವಾಗ್ವಾದ ಬೇಡ. ಬರವಣಿಗೆಯಲ್ಲಿ ಕೋರಿಕೆ ಪಡೆದು ಮೇಲಧಿಕಾರಿಗೆ ಅಥವಾ ಸಮಿತಿಗೆ ಕಳಿಸಿ, ಅಲ್ಲಿಂದ ಆದೇಶ ಬರುವವರೆಗೆ ನೋಂದಣಿ ಪುಸ್ತಕ ಕೌಂಟರ್ ಬಿಟ್ಟು ಕದಲಬಾರದು.

ತಗಾದೆಯ ನೋಟಿಸಿನಲ್ಲೂ ಪುಸ್ತಕದ ಹೆಸರನ್ನು ತೆರೆದ ಅಂಚೆ ಕಾರ್ಡಿನ ಮೇಲೆ ಬರೆಯಬೇಡಿ. "ನಿಮ್ಮಲ್ಲಿರುವ ಒಂದು ಪುಸ್ತಕದ ಅವಧಿ ಮುಗಿದಿದೆ" ಎಂದರೆ ಅವರಿಗೆ ತಿಳಿಯುತ್ತದೆ. ಕೊಹಾ ಬಳಸುವವರು ಹಿಂತಿರುಗಿದ ಪುಸ್ತಕಗಳ ಚರಿತ್ರೆಯನ್ನು ಓದುಗರ ಹೆಸರಿನಿಂದ ಬಿಡಿಸುವ ವ್ಯವಸ್ಥೆಯನ್ನು ಚಾಲೂ ಮಾಡಿಡಿ. ಕೈಬರಹದ ನೋಂದಣಿ ಇರುವವರು ಲೆಕ್ಕಪರಿಶೋಧನೆ ಮುಗಿದು, ಇಟ್ಟುಕೊಳ್ಳಬೇಕಾದ ಅವಧಿ ದಾಟಿದ ಹಳೆಯ ಅರ್ಜಿ, ಹಳೆಯ ಜೆರಾಕ್ಸ್‌ಗಳನ್ನು ಮೇಲಧಿಕಾರಿಯ ಅನುಮತಿ ಪಡೆದು ನಾಶಮಾಡಿ. ಗುಜರಿಗೆ ತೂಕಕ್ಕೆ ಹಾಕಬೇಡಿ, ನಾಳೆ ಅದರಲ್ಲೇ ಯಾರಿಗೋ ಕಡಲೆಕಾಯಿ ಕಟ್ಟಿಕೊಡುತ್ತಾರೆ. ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ಕೈಯಿಂದ ಹಿಸುಕಿ ಮುದ್ದೆ ಮಾಡಿದರೆ ಆಯಿತು. ಫೋಟೊಗಳನ್ನು ಮಾತ್ರ ಮೊದಲೇ ಬಿಡಿಸಿ, ಕತ್ತರಿಯಿಂದ ತುಂಡು ಮಾಡಿ.